ಬಿಪಿ ನೋಡೋಕೆ ಐದು ನಿಮಿಷ ಕೊಡಿಸಿ, ಸಚಿವರೇ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಮ್ಮಮ್ಮನಿಗೆ 78 ವರ್ಷ. ಹೋದ ವರ್ಷ ಒಂದು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತರು. ಕೂತ ತಕ್ಷಣ ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿದರು, ಅದೂ ಸ್ವೆಟರ್ ಮೇಲೆಯೇ. ಪಟ್ಟಿ ಬಿಗಿಯುತ್ತಿರುವಾಗ "ಏನಮ್ಮಾ, ನಿದ್ದೆ ಬರುತ್ತಾ?" ಅಂತ ಮಾತು ಬೇರೆ. ಮೇಲಿನ ಅಂಕಿ 168 ತೋರಿಸಿತು. ಮಾತ್ರೆ ಜಾಸ್ತಿ ಮಾಡಿ ಕಳಿಸಿದರು. ಮೂರನೇ ವಾರ ರಾತ್ರಿ ಬಾತ್‌ರೂಮಿಗೆಂದು ಎದ್ದವರು ಕಣ್ಣು ಕತ್ತಲೆ ಬಂದು ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ.

ಆಮೇಲೆ ಇನ್ನೊಬ್ಬ ಡಾಕ್ಟರು ಐದು ನಿಮಿಷ ಸುಮ್ನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಬರಿ ತೋಳಿಗೆ ಪಟ್ಟಿ ಕಟ್ಟಿದರು. 134. ನಿಲ್ಲಿಸಿ ಒಂದು ನಿಮಿಷ ಬಿಟ್ಟು ನೋಡಿದರು. 108! ರಾತ್ರಿ ಎದ್ದಾಗ ಕಣ್ಣು ಕತ್ತಲೆ ಬಂದಿದ್ದು ಇದಕ್ಕೇ ಇರಬೇಕು. ಇಷ್ಟು ವರ್ಷದಲ್ಲಿ ಅಮ್ಮನನ್ನು ನಿಲ್ಲಿಸಿ ಬಿಪಿ ನೋಡಿದ್ದು ಅದೇ ಮೊದಲು.

ವಯಸ್ಸಾದವರಿಗೆ ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. 80 ದಾಟಿದವರಿಗಾಗಿಯೇ ನಡೆದ ಹೈವೆಟ್ ಅಧ್ಯಯನದಲ್ಲಿ (2008) 150/80ರ ಗುರಿ ಇಟ್ಟು ಮಾತ್ರೆ ಕೊಟ್ಟಾಗ ಸಾವು ಕಡಿಮೆಯಾಯಿತು. 2015ರ ಸ್ಪ್ರಿಂಟ್ ಅಧ್ಯಯನದಲ್ಲಿ ಮೇಲಿನ ಅಂಕಿಯನ್ನು 120ರ ಕೆಳಗೆ ಇಳಿಸಲು ನೋಡಿದರು. 75 ದಾಟಿದವರಿಗೂ ಅದರಿಂದ ಲಾಭವಾಯಿತು. ಆದರೆ ಅಲ್ಲಿ ಅಳೆದ ರೀತಿಯೇ ಬೇರೆ. ಸುಮ್ಮನೆ ಕೂರಿಸಿ, ಮೂರು ಸಲ ನೋಡಿ, ಸರಾಸರಿ ತೆಗೆದರು. ನಿಂತಾಗ 110ಕ್ಕಿಂತ ಕಡಿಮೆ ಇದ್ದವರನ್ನು ಸೇರಿಸಿಕೊಳ್ಳಲೇ ಇಲ್ಲ. ಅಂದರೆ ನಮ್ಮಮ್ಮನಂಥವರನ್ನು. ಅವರ ಗುರಿಯನ್ನು ಎಲ್ಲರೂ ತಂದುಕೊಂಡೆವು, ಅಳೆಯುವ ಶಿಸ್ತನ್ನು ಅಲ್ಲೇ ಬಿಟ್ಟು ಬಂದೆವು, ಅಲ್ವಾ?

ಇನ್ನು ನನ್ನ ಕಥೆ. ನನಗೆ 39. ಅಮ್ಮನಿಗೆಂದು ತಂದ ಯಂತ್ರ ಸರಿ ಇದೆಯಾ ಅಂತ ನನ್ನ ತೋಳಿಗೇ ಕಟ್ಟಿ ನೋಡಿದೆ. 146/98. ಮರುದಿನ, ಮುಂದಿನ ವಾರ, ಹೆಚ್ಚು ಕಡಿಮೆ ಅಷ್ಟೇ. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ನಮ್ಮ ವಯಸ್ಸಿನವರಲ್ಲಿ ಎಷ್ಟೋ ಸಲ ಕೆಳಗಿನ ಅಂಕಿ ಮೊದಲು ಏರುತ್ತದೆ, ವಯಸ್ಸಾದ ಮೇಲೆ ರಕ್ತನಾಳ ಬಿರುಸಾಗಿ ಮೇಲಿನದು. ಹೀಗೆ ಆಕಸ್ಮಿಕವಾಗಿ ಗೊತ್ತಾಗದಿದ್ದರೆ ಇನ್ನೂ ಹತ್ತು ವರ್ಷ ನನ್ನ ಹೃದಯ, ಮೂತ್ರಪಿಂಡ ಸದ್ದಿಲ್ಲದೆ ಸವೆಯುತ್ತಿದ್ದವು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಕ್ಲಿನಿಕ್ ಬಾಗಿಲು ಹಾಕಿರುತ್ತದೆ.

ದೊಡ್ಡ ಯೋಜನೆ ಕೇಳುತ್ತಿಲ್ಲ. ಪ್ರತಿ ಕ್ಲಿನಿಕ್ಕಿನಲ್ಲೂ ಬೆನ್ನಿಗೆ ಒರಗು ಇರುವ ಒಂದು ಕುರ್ಚಿ, ದಪ್ಪ ತೋಳಿಗೂ ಸಣ್ಣ ತೋಳಿಗೂ ಬೇರೆ ಬೇರೆ ಪಟ್ಟಿ ಇರಲಿ. ಮಾತ್ರೆ ಏರಿಸುವ ಮೊದಲು ವಯಸ್ಸಾದವರನ್ನು ನಿಲ್ಲಿಸಿಯೂ ನೋಡಬೇಕೆಂದು ಆದೇಶ ಹೊರಡಿಸಿ. ದುಡಿಯುವವರಿಗೆ ವಾರಕ್ಕೆರಡು ಸಂಜೆ ಬಾಗಿಲು ತೆರೆದಿಡಿಸಿ. ಬಿಪಿ ಹಿಡಿತಕ್ಕೆ ಬಂದವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೇ ಕೊಡಿಸಿ.

ಇತಿ,
ಒಬ್ಬ ಬಿಪಿ ರೋಗಿ, ಇನ್ನೊಬ್ಬ ಬಿಪಿ ರೋಗಿಯ ಮಗಳು