ಒಂದು ಗಂಟೆಯ ಕೆಸರು, ಐದು ಗಂಟೆಯ ದಾರಿ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನೀನು ಕಳಿಸಿದ ವಿಡಿಯೋ ತುಣುಕು ನೋಡಿದೆ. ಮೈತುಂಬ ಕೆಸರು ಮೆತ್ತಿಕೊಂಡವನೊಬ್ಬ ಇಕ್ಕಟ್ಟಾದ ಏರಿನಲ್ಲಿ ಸೈಕಲ್ ಸಮೇತ ವಾಲಿ ಬೀಳುತ್ತಾನೆ, ಎದ್ದು ನಾಲ್ಕು ಹೆಜ್ಜೆ ತಳ್ಳುತ್ತಾನೆ, ಮತ್ತೆ ಹತ್ತುತ್ತಾನೆ. "ಟೂರ್ ಡಿ ಫ್ರಾನ್ಸ್‌ನಲ್ಲಿ ಹಸಿರು ಜೆರ್ಸಿ (ಅತಿ ಹೆಚ್ಚು ಅಂಕ ಗಳಿಸಿದವನಿಗೆ ಸಿಗುವ ಅಂಗಿ) ಗೆದ್ದವನು ಇವನೇನಾ?" ಅಂತ ಕೇಳಿದ್ದೀಯ. ಇವನೇ ಮಾರಾಯ, ಬೆಲ್ಜಿಯಮ್ಮಿನ ವೌಟ್ ವ್ಯಾನ್ ಆರ್ಟ್. ಅದು 2018ರ ಮಾರ್ಚ್, ಇಟಲಿಯ ಸ್ತ್ರಾದೆ ಬಿಯಾಂಕೆ ರೇಸು. 184 ಕಿ.ಮೀ. ದಾರಿ, ಅದರಲ್ಲಿ ಮೂರನೇ ಒಂದು ಪಾಲು ಮಣ್ಣಿನ ರಸ್ತೆ, ಮೇಲಿಂದ ಚಳಿ ಮಳೆ. ಸಿಯೆನಾ ಊರೊಳಗೆ, ಗೆರೆ ಮುಟ್ಟುವ ಸ್ವಲ್ಪ ಮುಂಚೆ, ಸಾಂತಾ ಕತೆರಿನಾ ಬೀದಿ ಇದೆ. ಶೇ. 16ರ ಏರು. ಅಲ್ಲಿ ಅವನ ಕಾಲಿನ ಸ್ನಾಯು ಹಿಡಿದುಕೊಂಡಿತು. ಬಿದ್ದೆದ್ದು 3ನೆಯವನಾಗಿಯೇ ಮುಗಿಸಿದ.

ಸೋಜಿಗ ಏನೆಂದರೆ, ಅದಕ್ಕೆ ತಿಂಗಳ ಮುಂಚೆ ಅವನು ನೆದರ್‌ಲ್ಯಾಂಡ್ಸಿನ ವಾಲ್ಕನ್‌ಬರ್ಗಿನಲ್ಲಿ ಸತತ ಮೂರನೇ ಸಲ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆಗಿದ್ದ. ಅಂಥವನ ಕಾಲು ಯಾಕೆ ಕೈಕೊಟ್ಟಿತು ಅನ್ನುವುದಕ್ಕೆ ಮೊದಲು ಆ ಆಟದ ಒಳಗನ್ನು ನೋಡಬೇಕು.

ಸೈಕ್ಲೋಕ್ರಾಸ್ ಎಂದರೆ ಗಂಡಸರಿಗೆ ಸುಮಾರು ಒಂದು ಗಂಟೆ. ಎರಡೂವರೆಯಿಂದ ಮೂರೂವರೆ ಕಿ.ಮೀ. ಸುತ್ತು, ಹುಲ್ಲು, ಮರಳು, ಮೆಟ್ಟಿಲು, 40 ಸೆಂ.ಮೀ. ಎತ್ತರದ ಹಲಗೆ, ಮತ್ತೆ ನಾಟಿಗೆ ಹದ ಮಾಡಿದ ಗದ್ದೆಯಂಥ ಕೆಸರು. ಓಡಬೇಕಾದಲ್ಲಿ ಸೈಕಲ್ಲನ್ನು ಹೆಗಲಿಗೇರಿಸಬೇಕು. ಅದಕ್ಕೊಂದು ಕ್ರಮ ಇದೆ. ಬಲಗಾಲನ್ನು ಸೀಟಿನ ಹಿಂದಿನಿಂದ ಎಡಕ್ಕೆ ತಂದು, ಚಕ್ರ ಇನ್ನೂ ಉರುಳುತ್ತಿರುವಾಗಲೇ ಇಳಿಯಬೇಕು. ಫ್ರೇಮಿನ ಕೆಳದಂಡ ಹಿಡಿದು ಎತ್ತಿ, ಮೇಲ್ದಂಡವನ್ನು ಬಲಹೆಗಲಿಗೆ ಕೂರಿಸಬೇಕು. ಬಲಗೈಯನ್ನು ಕೆಳದಂಡದ ಅಡಿಯಿಂದ ತೂರಿಸಿ ಹ್ಯಾಂಡಲ್ಲಿನ ಎಡತುದಿ ಹಿಡಿಯಬೇಕು. ಹಿಡಿಯದಿದ್ದರೆ ಮುಂದಿನ ಚಕ್ರ ತಿರುಗಿ ಮುಖಕ್ಕೇ ಬಡಿಯುತ್ತದೆ. ಎಡಗೈ ಓಟಕ್ಕೆ ಬೀಸಲು ಖಾಲಿ. ಈ ಸೈಕಲ್ಲಿಗೆ ಬಾಟಲಿ ಸ್ಟ್ಯಾಂಡ್ ಇಲ್ಲದಿರುವುದು ಇದಕ್ಕೇ. ಹೆಗಲು ತೂರುವ ಜಾಗದಲ್ಲಿ ಏನೂ ಅಡ್ಡ ಬರಬಾರದು.

ನಿಜವಾದ ಜಾಣತನ ಇರುವುದು ಟೈರಿನ ಗಾಳಿಯಲ್ಲಿ. ಟೈರು 33 ಮಿ.ಮೀ.ಗಿಂತ ಅಗಲ ಇರುವಂತಿಲ್ಲ, ಅದು ನಿಯಮ. ಹಾಗಾಗಿ ಹಿಡಿತ ಬೇಕೆಂದರೆ ಗಾಳಿ ಇಳಿಸುವುದೊಂದೇ ದಾರಿ. ಕೆಸರಿನ ದಿನ 20 ಪಿಎಸ್ಐ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗೆ. ಇನ್ನೂ ಸ್ವಲ್ಪ ಇಳಿಸಿದೆಯೋ, ಬೇರಿಗೋ ಕಲ್ಲಿಗೋ ರಿಮ್ ಬಡಿದು ಪಂಚರ್. ಇಲ್ಲವೇ ತಿರುವಿನಲ್ಲಿ ಟೈರು ಮಡಚಿಕೊಂಡು ಸೈಕಲ್ ಜಾರುತ್ತದೆ. 2017ರಲ್ಲಿ ಲಕ್ಸೆಂಬರ್ಗಿನ ಬಿಯೆಲೆಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆದದ್ದು ಹೀಗೇ. ಹೆಪ್ಪುಗಟ್ಟಿದ ನೆಲದ ಮೇಲ್ಪದರ ಕರಗಿ ಜಾರುತ್ತಿತ್ತು, ಅಡಿಯಲ್ಲಿ ಚೂಪು ಕಲ್ಲು. ವ್ಯಾನ್ ಆರ್ಟ್‌ನ ಹುಟ್ಟಾ ಎದುರಾಳಿ ಮಾಥ್ಯು ವ್ಯಾನ್ ಡರ್ ಪೂಲ್‌ಗೆ ಪಂಚರ್ ಮೇಲೆ ಪಂಚರ್, ವ್ಯಾನ್ ಆರ್ಟ್‌ಗೆ ಚಿನ್ನ.

ಪಂಚರ್ ಎಲ್ಲಿ ಆಯಿತು ಅನ್ನುವುದರ ಮೇಲೆ ರೇಸು ನಿಂತಿರುತ್ತದೆ. ಸೈಕಲ್ ಬದಲಿಸಲು ಪಿಟ್‌ನಲ್ಲಿ, ಅಂದರೆ ಮೆಕ್ಯಾನಿಕ್‌ಗಳು ಬದಲಿ ಸೈಕಲ್ ಹಿಡಿದು ನಿಂತಿರುವ ಜಾಗದಲ್ಲಿ, ಮಾತ್ರ ಅವಕಾಶ, ಒಂದು ಸುತ್ತಿನಲ್ಲಿ ಎರಡು ಸಲ ಅದರ ಪಕ್ಕ ಹಾಯುತ್ತಾರೆ. ಪಿಟ್ ದಾಟಿದ ಮೇಲೆ ಕೆಟ್ಟರೆ ಅರ್ಧ ಸುತ್ತು ಹೊತ್ತು ಓಡಬೇಕು. ಕೆಸರು ಜೋರಾಗಿದ್ದರೆ ಏನೂ ಕೆಡದಿದ್ದರೂ ಬದಲಿಸುತ್ತಾರೆ. ಹುಲ್ಲು ಬೆರೆತ ಕೆಸರು ಹಿಂದಿನ ಗೇರಿನ ಪುಟ್ಟ ಗಾಲಿಗಳಿಗೆ ಹಗ್ಗದಂತೆ ಸುತ್ತಿಕೊಂಡರೆ ಚೈನು ಬಿಗಿದು, ಗೇರು ನೇತಾಡುವ ಕೊಂಡಿಯೇ ಮುರಿಯುತ್ತದೆ. ಸವಾರ ಕೊಳಕು ಸೈಕಲ್ ಬಿಟ್ಟು ಎರಡು ಹೆಜ್ಜೆ ಓಡಿ ಹೊಸದಕ್ಕೆ ಹಾರುವಷ್ಟರಲ್ಲಿ ಮೆಕ್ಯಾನಿಕ್ ಹಳೆಯದನ್ನು ಹಿಡಿದು ಪ್ರೆಶರ್ ವಾಷರ್ ಕಡೆ ಓಡಿರುತ್ತಾನೆ. ತೊಳೆದು, ಚೈನಿಗೆ ಎಣ್ಣೆ ಬಿಟ್ಟು ಅರ್ಧ ಸುತ್ತಿನೊಳಗೆ ಸಿದ್ಧ ಮಾಡಬೇಕು. ಟಿವಿಯವರು ಇದನ್ನು ಸರಿಯಾಗಿ ತೋರಿಸುವುದೇ ಇಲ್ಲ, ನನಗೆ ಅದೊಂದು ಸಿಟ್ಟು.

ಈಗ ಅವನ ಕಾಲು ಯಾಕೆ ಕೈಕೊಟ್ಟಿತು ಅನ್ನುವ ಪ್ರಶ್ನೆಗೆ ಬರುತ್ತೇನೆ. ಈ ಒಂದು ಗಂಟೆಯಲ್ಲಿ ದೇಹಕ್ಕೆ ಬೀಳುವ ಕೆಲಸ ಬೇರೆಯದೇ ಜಾತಿಯದು. ಪ್ರತಿ ತಿರುವಿಗೂ ಬ್ರೇಕು, ಆಮೇಲೆ ಎದ್ದು ನಿಂತು ಪೂರ್ತಿ ಬಲದ ತುಳಿತ, ಕೆಲವು ಸೆಕೆಂಡು ಉಸಿರು, ಮತ್ತೆ ತುಳಿತ. ಎದೆಬಡಿತ ಇಳಿಯುವುದೇ ಇಲ್ಲ. ಆದರೆ ಹೊಟ್ಟೆಗೆ ಏನೂ ಬೇಡ. ಬೆಳಗಿನ ಊಟದಲ್ಲೇ ಒಂದು ಗಂಟೆ ಮುಗಿದುಹೋಗುತ್ತದೆ. ರೋಡ್ ರೇಸಿನಲ್ಲಿ ಐದಾರು ಗಂಟೆ, ದಾರಿಯುದ್ದಕ್ಕೂ ತಿನ್ನುತ್ತಾ ಕುಡಿಯುತ್ತಾ ಇರಬೇಕು, ಐದನೇ ಗಂಟೆಯ ಕೊನೆಗೆ ಆ ಪೂರ್ತಿ ಬಲದ ತುಳಿತ ಇನ್ನೂ ಉಳಿದಿರಬೇಕು. 2018ರಲ್ಲಿ ಅವನ ಹತ್ತಿರ ತುಳಿತ ಇತ್ತು, ಐದನೇ ಗಂಟೆ ಇರಲಿಲ್ಲ. ಸಾಂತಾ ಕತೆರಿನಾದಲ್ಲಿ ಬಿದ್ದದ್ದು ಅದಕ್ಕೇ. ಬಿದ್ದ ಮೇಲೆ ಅಂಥ ಏರಿನಲ್ಲಿ ತಳ್ಳಿ ಹತ್ತಿದನಲ್ಲ, ಅದು ಮಾತ್ರ ಗದ್ದೆಯಲ್ಲಿ ಕಲಿತ ವಿದ್ಯೆ.

2019ರ ಮಾರ್ಚ್‌ನಲ್ಲಿ ಜಂಬೊ-ವಿಸ್ಮ ಎಂಬ ರೋಡ್ ರೇಸಿನ ತಂಡ ಸೇರಿದ ಮೇಲೆ ಕ್ಯಾಲೆಂಡರ್ ತಲೆಕೆಳಗಾಯಿತು. ಸೈಕ್ಲೋಕ್ರಾಸ್ ಸೀಸನ್ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ, ರೋಡ್ ಸೀಸನ್ ಅದರ ಬಾಲ ಹಿಡಿದುಕೊಂಡೇ ಶುರು. ಎರಡನ್ನೂ ಪೂರ್ತಿ ಓಡಿದರೆ ಬೇಸ್ ತರಬೇತಿಗೆ, ಅಂದರೆ ಆರಾರು ಗಂಟೆ ನಿಧಾನಕ್ಕೆ ತುಳಿಯುವ ಕೆಲಸಕ್ಕೆ, ವಾರಗಳೇ ಸಿಗುವುದಿಲ್ಲ. ಹಾಗಾಗಿ ಅವನು ಡಿಸೆಂಬರಿಗೆ ಬಂದು ಕ್ರಿಸ್ಮಸ್ ಆಸುಪಾಸಿನ ರೇಸುಗಳನ್ನು ಓಡಿ ಹೋಗುವುದು ರೂಢಿಯಾಯಿತು. ಇದಕ್ಕೂ ದಂಡ ಕಟ್ಟಬೇಕು. ಸ್ಟಾರ್ಟ್ ಸಾಲು ರ‍್ಯಾಂಕಿಂಗ್ ಪ್ರಕಾರ, ಪ್ರತಿ ಸಾಲಿಗೆ ಎಂಟು ಮಂದಿ. ಕಡಿಮೆ ರೇಸು ಓಡಿದವನು ಹಿಂದಿನ ಸಾಲಿನಲ್ಲಿ ನಿಂತು, ಮೊದಲ ತಿರುವಿನ ನೂಕುನುಗ್ಗಲಿನಲ್ಲಿ ಸಿಕ್ಕಿ, ಎರಡು ಸುತ್ತು ಬರೀ ದಾಟುವುದರಲ್ಲೇ ಕಳೆಯುತ್ತಾನೆ.

"ಕೆಸರು ಬಿಟ್ಟಿದ್ದರೆ ಇನ್ನೂ ಗೆಲ್ಲುತ್ತಿದ್ದ" ಅನ್ನುವವರು ಬಹಳ. ನಾನು ಒಪ್ಪುವುದಿಲ್ಲ. ಅವನನ್ನು ಕೆಡವಿದ ಮೂರು ದೊಡ್ಡ ಏಟು ರಸ್ತೆಯಲ್ಲೇ ಬಿದ್ದವು. 2019ರ ಟೂರ್‌ನಲ್ಲಿ ಪೋ ಊರಿನ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ರೇಸು) ಬದಿಯ ಕಟಕಟೆಗೆ ತಾಗಿ ಬಲತೊಡೆ ಸೀಳಿತು. 2024ರಲ್ಲಿ ಮಾರ್ಚ್ ಕೊನೆಯ ಮತ್ತು ಏಪ್ರಿಲಿನ ದೊಡ್ಡ ರೇಸುಗಳಿಗಾಗಿಯೇ ಇಟಲಿಯ ಮಿಲಾನ್-ಸಾನ್ ರೆಮೊ ರೇಸು ಬಿಟ್ಟು ಎತ್ತರದ ಜಾಗದಲ್ಲಿ ತರಬೇತಿ ಮಾಡಿ ಬಂದವನು, ಅವಕ್ಕೆ ಕೆಲವೇ ದಿನ ಮುಂಚೆ ಬೆಲ್ಜಿಯಮ್ಮಿನ ಡ್ವಾರ್ಸ್ ದೋರ್ ವ್ಲಾಂಡರನ್ ರೇಸಿನಲ್ಲಿ ಬಿದ್ದು ಕೊರಳೆಲುಬು, ಎದೆಮೂಳೆ, ಪಕ್ಕೆಲುಬು ಮುರಿದುಕೊಂಡ. ಅದೇ ವರ್ಷ ಸ್ಪೇನಿನ ಮೂರು ವಾರದ ರೇಸು ವುಯೆಲ್ತಾದಲ್ಲಿ ಮೂರು ಸ್ಟೇಜ್ (ಒಂದೊಂದು ದಿನದ ಓಟ) ಗೆದ್ದ ಮೇಲೆ ಒದ್ದೆ ಇಳಿಜಾರಿನಲ್ಲಿ ಬಿದ್ದು ಮಂಡಿಗೆ ಏಟು. ಮೊದಲ ಗಾಯದ ನಂತರವಂತೂ ಅವನು ಮರಳಿ ರೇಸಿಗೆ ಇಳಿದದ್ದೇ ಸೈಕ್ಲೋಕ್ರಾಸಿನಲ್ಲಿ, ಆ ಡಿಸೆಂಬರ್ ಕೊನೆಗೆ.

ಆಮೇಲೆ 2020. ಕೊರೊನಾದಿಂದ ಮುಂದೆ ಹೋದ ಸ್ತ್ರಾದೆ ಬಿಯಾಂಕೆ ಆಗಸ್ಟ್ 1ರ ಬಿಸಿಲಿನಲ್ಲಿ ನಡೆಯಿತು. ಸಾಂತಾ ಕತೆರಿನಾವನ್ನು ಒಬ್ಬನೇ ಏರಿ, 30 ಸೆಕೆಂಡು ಅಂತರದಲ್ಲಿ ಗೆದ್ದ. ವಾರ ಬಿಟ್ಟು 300 ಕಿ.ಮೀ. ಮೀರಿದ ಮಿಲಾನ್-ಸಾನ್ ರೆಮೊವನ್ನೂ ಗೆದ್ದ. ಐದನೇ ಗಂಟೆ ಸಿಕ್ಕಿತ್ತು, ಏಳನೆಯದೂ. 2021ರ ಟೂರ್‌ನಲ್ಲಿ ಮೋಂ ವಾಂಟೂ ಬೆಟ್ಟವನ್ನು ಎರಡು ಸಲ ಹತ್ತಿಸಿದ ದಿನ, ಟೈಮ್ ಟ್ರಯಲ್, ಪ್ಯಾರಿಸಿನ ಸ್ಪ್ರಿಂಟ್, ಮೂರೂ ಅವನದೇ. 2022ರ ಹಸಿರು ಜೆರ್ಸಿಗೆ 480 ಅಂಕ, ಪೀಟರ್ ಸಾಗನ್‌ನ 477ರ ದಾಖಲೆ ದಾಟಿದ. ಆ ಅಂಕಗಳಿಗಿಂತ ನನಗೆ ಹಿಡಿಸುವುದು ಅದೇ ಟೂರ್‌ನ 5ನೇ ದಿನ. ಕಲ್ಲುಹಾಸಿನ ದಾರಿಯಲ್ಲಿ ತಂಡದ ನಾಯಕ ವಿಂಗೆಗೋರ್‌ನ ಸೈಕಲ್ ಕೆಟ್ಟು, ತಂಡದವರು ಒಂದರ ಮೇಲೊಂದು ಬದಲಿ ಕೊಟ್ಟು ಗೊಂದಲ ಎಬ್ಬಿಸಿದಾಗ, ತಾನೂ ಮುಂಚೆ ಬಿದ್ದೆದ್ದು ಬಂದಿದ್ದ ವ್ಯಾನ್ ಆರ್ಟ್ ಮುಂದೆ ನಿಂತು ಅವನನ್ನು ಎಳೆದುಕೊಂಡು ಹೋದ. ಒಟ್ಟು ಸಮಯದಲ್ಲಿ ಮುಂದಿರುವವನ ಹಳದಿ ಜೆರ್ಸಿ ಆಗ ಅವನ ಮೈಮೇಲಿತ್ತು, ಅದನ್ನೂ ಉಳಿಸಿಕೊಂಡ.

ಇನ್ನೊಂದು ವಿಡಿಯೋ ಹುಡುಕಿ ನೋಡು. 2025ರ ಜಿರೊ ದಿ ಇಟಾಲಿಯಾ, ಅಂದರೆ ಇಟಲಿಯ ಮೂರು ವಾರದ ರೇಸು, 9ನೇ ಸ್ಟೇಜ್. ಮತ್ತೆ ಬಿಳಿ ಮಣ್ಣಿನ ರಸ್ತೆ, ಮತ್ತೆ ಅದೇ ಸಾಂತಾ ಕತೆರಿನಾ. ಮೆಕ್ಸಿಕೊದ ಹುಡುಗ ಇಸಾಕ್ ದೆಲ್ ತೋರೊನ ಹಿಂದೆ ಅಂಟಿಕೊಂಡು ಏರಿ, ಸಿಯೆನಾದ ಕಾಂಪೊ ಚೌಕಕ್ಕೆ ಇಳಿಯುವ ಮುಂಚಿನ ತಿರುವುಗಳಲ್ಲಿ ಅವನನ್ನು ದಾಟಿ ಗೆದ್ದ. ತಿರುವಿಗೆ ನುಗ್ಗುವಾಗ ಅವನ ಬ್ರೇಕಿನ ಬೆರಳು ನೋಡು.

ನಿನ್ನವ