ಚಿಕ್ಕತ್ತೆಗೆ, ಮತ್ತು ಉಳಿದೆಲ್ಲರಿಗೆ

ಕೊಂಕಣದಲ್ಲಿ ನೆಲೆಸಿ ಮರಾಠಿ ಆಡುವ ಬೆನೆ ಇಸ್ರೇಲ್ ಯಹೂದಿ ಮನೆಗಳ ಕಥೆಗಳನ್ನು ಕನ್ನಡದಲ್ಲಿ ಹೇಳುವ ನನ್ನ ಸಂಕಲನ ಕೊನೆಗೂ ಅಚ್ಚಾಗಿ ಕೈಸೇರಿದೆ. ಬೆಳಗಾವಿಯಿಂದ ಠಾಣೆಯ ಕುಟುಂಬವೊಂದಕ್ಕೆ ಸೊಸೆಯಾಗಿ ಬಂದ ನನಗೆ, ಕೊಂಕಣದ ನವಗಾವ್ ತೀರದಲ್ಲಿ ಹಡಗೊಡೆದು ಬದುಕುಳಿದ ಏಳು ಗಂಡಸರು ಮತ್ತು ಏಳು ಹೆಂಗಸರ ಕಥೆಯೂ, ಯಹೂದಿಗಳ ವಿಶ್ರಾಂತಿಯ ದಿನವೆಂದು ಶನಿವಾರ ಗಾಣ ನಿಲ್ಲಿಸಿ ‘ಶನಿವಾರ ತೇಲಿ’ ಎನಿಸಿಕೊಂಡ ಎಣ್ಣೆಗಾರರ ಕಥೆಯೂ, ಅಲಿಬಾಗ್ ಬಳಿಯ ಬಂಡೆಯ ಮೇಲೆ ಪ್ರವಾದಿ ಏಲಿಯಾಹುವಿನ ರಥ ಬಿಟ್ಟುಹೋದ ಗುರುತಿನ ಕಥೆಯೂ ಸಿಕ್ಕಿದ್ದು ಹರಕೆಯ ನೈವೇದ್ಯವಾದ ಮಲೀದಾಕ್ಕೆ ಅವಲಕ್ಕಿ ನೆನೆಸಿ ಕಾಯಿ ತುರಿಯುವ ಹೊತ್ತಿನಲ್ಲಿ.

ಪ್ರಕಾಶಕರಿಗೆ, ಕರಡು ತಿದ್ದಿದ ಗೆಳತಿಗೆ, ಗಂಡನಿಗೆ ರಕ್ತ ಕೊಟ್ಟವರಿಗೆ, ಮಕ್ಕಳಿಗೆ ಊಟ ಹಾಕಿದ ನೆರೆಯವರಿಗೆ ನಾನು ಋಣಿ. ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಬಂದು 1796ರಲ್ಲಿ ಮುಂಬೈಯ ಮೊದಲ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾಮಂದಿರ, ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರರ ಕಥೆಯನ್ನು ಹೇಳಿದ ಮಾವನವರಿಗೂ ಹಾಗೆಯೇ. ನಮ್ಮ ಶ್ರೀರಂಗಪಟ್ಟಣ ಅದರಲ್ಲಿ ಬರುವುದರಿಂದ ಕನ್ನಡಿಗರು ಮೊದಲು ಅದನ್ನೇ ಓದುತ್ತಾರೆಂಬುದು ನನ್ನ ಊಹೆ.

ಆದರೆ ನನ್ನ ಗಂಡನ ಚಿಕ್ಕಮ್ಮ, ನನ್ನ ಚಿಕ್ಕತ್ತೆಯ ಋಣ ಬೇರೆಯೇ ತೂಕದ್ದು. ಗಂಡ ಐಸಿಯುನಲ್ಲಿದ್ದ ಆ ರಾತ್ರಿಯ ವಿಷಯ ಆಪ್ತರಿಗೆಲ್ಲ ಗೊತ್ತಿದೆ. ಐಸಿಯು ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ಅವರು ಚಪ್ಪಲಿ ಕಳಚಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ನಾನು ಕೇಳದಿದ್ದರೂ ಹಳೆಯ ಯಹೂದಿ ಕಥೆಗಳ ಪುಣ್ಯಪುರುಷ ಹೋನಿಯ ಕಥೆ ಶುರುಮಾಡಿದರು. ಫಲ ಬಿಡಲು ಎಪ್ಪತ್ತು ವರ್ಷ ಬೇಕಾಗುವ ಮರವನ್ನು ಮುದುಕನೊಬ್ಬ ನೆಡುವುದನ್ನು ಕಂಡು ಹೋನಿ ನಗುತ್ತಾನೆ, ನಿದ್ದೆ ಹೋಗುತ್ತಾನೆ, ಎಪ್ಪತ್ತು ವರ್ಷಗಳ ಮೇಲೆ ಎದ್ದಾಗ ಆ ಮುದುಕನ ಮೊಮ್ಮಗ ಹಣ್ಣು ಕೀಳುತ್ತಿರುತ್ತಾನೆ. ಯಹೂದಿಗಳ ಧರ್ಮಗ್ರಂಥವಾದ ತಾಲ್ಮೂದಿನಲ್ಲಿ ಅದು ಕ್ಯಾರಬ್ ಎಂಬ, ಸಿಹಿ ಕೋಡು ಬಿಡುವ ಮರ. ಚಿಕ್ಕತ್ತೆಯ ಮರಾಠಿಯಲ್ಲಿ ಹುಣಸೆ. ಸುಮ್ಮನಿರಿ ಎಂದು ಎರಡು ಸಲ ಗದರಿದೆ. ಅವರು ನಿಲ್ಲಿಸಲಿಲ್ಲ. ಬಾಗಿಲು ತೆರೆದಾಗಲೆಲ್ಲ ನನ್ನ ಉಸಿರು ನಿಲ್ಲುತ್ತಿತ್ತು. ಒಳಗಿನಿಂದ ಬರುವ ಸುದ್ದಿ ಕೆಟ್ಟದ್ದೇ ಆದರೂ ಸರಿ, ಬಂದುಬಿಡಲಿ ಎಂದು ಬೇಡಿಕೊಂಡ ಕ್ಷಣವೂ ಇತ್ತು, ಅದನ್ನು ಇಲ್ಲಿಯತನಕ ಯಾರಿಗೂ ಹೇಳಿಲ್ಲ. ಆಗ ಅವರು ಮೊಮ್ಮಗನ ಹೆಸರೇನು, ಬುಟ್ಟಿ ಎಷ್ಟು ದೊಡ್ಡದು ಎಂದೆಲ್ಲ ಸೇರಿಸುತ್ತ ಬೆಳಗಿನವರೆಗೆ ಕಥೆಯನ್ನು ಎಳೆದರು.

ಬರೆಯಲು ಕೂತಾಗಲಷ್ಟೇ ತಿಳಿದದ್ದು, ಕಥೆ ಅಲ್ಲಿಗೆ ಮುಗಿಯುವುದಿಲ್ಲ: ಎದ್ದ ಹೋನಿಯನ್ನು ಯಾರೂ ನಂಬದೆ, ಜೊತೆಗಾರರಿಲ್ಲದೆ ಅವನು ಕೊರಗಿ ಸಾಯುತ್ತಾನೆ. ಚಿಕ್ಕತ್ತೆಗೆ ಅದು ಗೊತ್ತಿತ್ತು, ಬೇಕೆಂದೇ ಬಿಟ್ಟಿದ್ದರು. ಗಂಡ ಮನೆಗೆ ಬಂದು ಮತ್ತೆ ಅಡುಗೆಯ ಉಪ್ಪಿಗೆ ಹೆಸರಿಡುವಷ್ಟು ಚೇತರಿಸಿಕೊಂಡ ಮೇಲೆ ನಾನು ಪೂರ್ತಿ ಕಥೆಯನ್ನು ಬರೆದೆ, ಮರವನ್ನು ಮಾತ್ರ ಹುಣಸೆಯಾಗಿಯೇ ಉಳಿಸಿದೆ. ಚಿಕ್ಕತ್ತೆಗೆ ಮರಾಠಿಯಲ್ಲಿ ಓದಿ ಹೇಳಿದಾಗ ಆ ಕೊನೆ ಅವರಿಗೆ ಹಿಡಿಸಲಿಲ್ಲ. ಮುಂದಿನ ಮುದ್ರಣದಲ್ಲಿ ತೆಗೆಯಬೇಕೆಂದು ಪಟ್ಟು ಹಿಡಿದಿದ್ದಾರೆ, ನಾನಿನ್ನೂ ಒಪ್ಪಿಲ್ಲ.