ಕೇಬಲ್ ಹಾಕಿದರೂ ವೇಗ ಸಿಗದಿದ್ದರೆ ಮೊದಲು ಲಿಂಕ್ ಸ್ಪೀಡ್ ನೋಡಿ

ಮಾನ್ಯ ಸಂಪಾದಕರೆ,

ಮನೆಯ ಇಂಟರ್‌ನೆಟ್ ನಿಧಾನವಾಗಿದೆ ಎಂದು ಯಾರೇ ಹೇಳಿದರೂ ‘ವೈಫೈ ಬಿಡಿ, ಕೇಬಲ್ ಹಾಕಿಕೊಳ್ಳಿ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ಸಲಹೆಯೇನೋ ಸರಿಯಾದದ್ದೇ. ಆದರೆ ಕೇಬಲ್ ಹಾಕಿದ ಮೇಲೂ ಕೊಟ್ಟ ಹಣಕ್ಕೆ ತಕ್ಕ ವೇಗ ಸಿಗದಿದ್ದರೆ ಮುಂದೇನು ಮಾಡಬೇಕೆಂದು ಹೇಳುವವರು ಕಡಿಮೆ. ಸೇವಾ ಕಂಪನಿಗೆ ಕರೆ ಮಾಡಿದರೆ ರೌಟರನ್ನು ಆಫ್ ಮಾಡಿ ಆನ್ ಮಾಡುವಂತೆ ಹೇಳುತ್ತಾರೆ. ಅದರಿಂದ ಫಲ ಕಾಣದಿದ್ದರೆ ಇನ್ನೂ ದುಬಾರಿ ಪ್ಲಾನ್‌ಗೆ ಬದಲಾಗುವ ಸಲಹೆ ಬರುತ್ತದೆ. ದೋಷ ಮನೆಯೊಳಗಿನ ಕೇಬಲ್‌ನಲ್ಲೇ ಇದ್ದರೆ ಎಂಥ ಪ್ಲಾನ್ ಹಾಕಿಸಿಕೊಂಡರೂ ವೇಗ ಕಿಂಚಿತ್ತೂ ಹೆಚ್ಚುವುದಿಲ್ಲ. ಅನಗತ್ಯವಾಗಿ ಹಣ ತೆರುತ್ತಿರುವ ಅನೇಕರನ್ನು ಕಂಡಿರುವುದರಿಂದ ಈ ವಿಷಯವನ್ನು ತಮ್ಮ ಓದುಗರ ಗಮನಕ್ಕೆ ತರಲು ಬಯಸುತ್ತೇನೆ.

ಸ್ಪೀಡ್ ಟೆಸ್ಟ್‌ನಲ್ಲಿ ಬರುವ ಅಂಕಿ ಕಡಿಮೆಯಿದೆ ಎಂದಷ್ಟೇ ನೋಡಿ ಸುಮ್ಮನಾಗಬಾರದು, ಅದು ಎಷ್ಟಕ್ಕೆ ಬಂದು ನಿಲ್ಲುತ್ತಿದೆ ಎಂಬುದನ್ನೂ ಗಮನಿಸಬೇಕು. 300 ಎಂಬಿಪಿಎಸ್ (ಸೆಕೆಂಡಿಗೆ 300 ಮೆಗಾಬಿಟ್) ಪ್ಲಾನ್ ಇರುವ ಮನೆಯಲ್ಲಿ ನಸುಕಿನಲ್ಲಿ ನೋಡಿದರೂ ರಾತ್ರಿ ನೋಡಿದರೂ ಅಂಕಿ 93, 94, 95ರ ಆಸುಪಾಸಿನಲ್ಲೇ ಇದ್ದರೆ ಹೊರಗಿನ ಜಾಲವನ್ನು ದೂರುವುದಕ್ಕೆ ಮೊದಲು ಮನೆಯೊಳಗೆ ಹುಡುಕುವುದು ಒಳ್ಳೆಯದು. ಹೊರಗೆ ದಟ್ಟಣೆಯಿದ್ದರೆ ಅಂಕಿ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆಯೇ ಹೊರತು ಹೀಗೆ ಒಂದೇ ಕಡೆ ಕಟ್ಟಿಹಾಕಿದಂತೆ ನಿಲ್ಲುವುದು ಅಪರೂಪ. ಕಂಪ್ಯೂಟರ್ ಮತ್ತು ರೌಟರ್ ನಡುವಿನ ಸಂಪರ್ಕದ ವೇಗ, ಅಂದರೆ ಲಿಂಕ್ ಸ್ಪೀಡ್, 100 ಎಂಬಿಪಿಎಸ್‌ಗೆ ಇಳಿದಿದ್ದಾಗ, ದತ್ತಾಂಶದ ಪ್ರತಿ ತುಣುಕಿನ (ಪ್ಯಾಕೆಟ್) ಜೊತೆ ಸಾಗುವ ವಿಳಾಸ ಮೊದಲಾದ ಮಾಹಿತಿಯ ಪಾಲನ್ನು ಕಳೆದರೆ ನಮ್ಮ ಬಳಕೆಗೆ ಉಳಿಯುವುದು ಹೆಚ್ಚುಕಡಿಮೆ ಇಷ್ಟೇ. ಸಂಪರ್ಕ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದರೆ ಇದೇ ಲೆಕ್ಕದಲ್ಲಿ ಸುಮಾರು 940ರವರೆಗೆ ಸಿಗಬೇಕು.

ಹೀಗೆ ಇಳಿಯಲು ಕಾರಣ ಕೇಬಲ್‌ನ ರಚನೆಯಲ್ಲೇ ಇದೆ. ಸಾಮಾನ್ಯ ನೆಟ್‌ವರ್ಕ್ ಕೇಬಲ್‌ನೊಳಗೆ ಎಂಟು ತಂತಿಗಳು ಎರಡೆರಡಾಗಿ ಹೆಣೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ. 1995ರಲ್ಲಿ ಪ್ರಮಾಣೀಕರಣಗೊಂಡ 100 ಎಂಬಿಪಿಎಸ್ ವ್ಯವಸ್ಥೆಗೆ ಇವುಗಳಲ್ಲಿ ಎರಡು ಜೋಡಿಗಳಷ್ಟೇ ಸಾಕು. 1999ರಲ್ಲಿ ಇದೇ ಬಗೆಯ ತಾಮ್ರದ ಕೇಬಲ್‌ಗೆಂದು ರೂಪುಗೊಂಡ ಗಿಗಾಬಿಟ್ ವ್ಯವಸ್ಥೆಗೆ ನಾಲ್ಕೂ ಜೋಡಿಗಳು ಬೇಕು. ಹೀಗಾಗಿ ಉಳಿದೆರಡು ಜೋಡಿಗಳಲ್ಲಿ ಒಂದೇ ಒಂದು ತಂತಿ ಕೈಕೊಟ್ಟರೂ ಗಿಗಾಬಿಟ್ ಸಂಪರ್ಕ ಕೂಡಿಬರುವುದಿಲ್ಲ. ಆಗ ಹಲವು ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಸಂಪರ್ಕ ಪೂರ್ತಿ ಕಡಿದುಹೋಗಿದ್ದರೆ ದೋಷ ಅಂದೇ ಗೊತ್ತಾಗುತ್ತಿತ್ತು. ಆದರೆ ಇಲ್ಲಿ ಪುಟಗಳು ತೆರೆಯುತ್ತವೆ, ವಿಡಿಯೊ ಓಡುತ್ತದೆ, ಪರದೆಯಲ್ಲಿ ‘ಕನೆಕ್ಟೆಡ್’ ಎಂದೇ ಕಾಣುತ್ತದೆ. ಹಾಗಾಗಿ ಈ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಪರಿಚಿತರೊಬ್ಬರ ಮನೆಯಲ್ಲಿ ಕೇಬಲ್‌ನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದಾಗ ಏಳು ತಂತಿಗಳು ಮುಂಭಾಗದ ಗೋಡೆಗೆ ತಾಗಿಕೊಂಡಿದ್ದವು, ಎಂಟನೆಯ ಕಂದು ತಂತಿ ಮಾತ್ರ ಒಂದೆರಡು ಮಿಲಿಮೀಟರ್ ಹಿಂದೆಯೇ ನಿಂತಿತ್ತು. ಅದರ ಮೇಲಿನ ಚಿನ್ನದ ಬಣ್ಣದ ಪಿನ್ ಕೆಳಗೆ ಒತ್ತಿಕೊಂಡಿದ್ದರೂ ಅದಕ್ಕೆ ಕಚ್ಚಲು ತಂತಿಯೇ ಸಿಕ್ಕಿರಲಿಲ್ಲ. ಹೊರಗಿನ ಕವಚವೂ ಪ್ಲಗ್‌ನೊಳಗೆ ಸೇರಿರಲಿಲ್ಲವಾದ್ದರಿಂದ ಕೇಬಲ್ ಎಳೆದಾಗಲೆಲ್ಲ ಅದರ ಭಾರ ಬರಿಯ ತಂತಿಗಳ ಮೇಲೆ ಬೀಳುತ್ತಿತ್ತು. ಆ ತುದಿಯನ್ನು ಕತ್ತರಿಸಿ ಹೊಸ ಪ್ಲಗ್ ಒತ್ತಿ ಕೂರಿಸಿದ (ಕ್ರಿಂಪ್ ಮಾಡಿಸಿದ) ಕೂಡಲೇ ಪ್ಲಾನ್‌ನ ಪೂರ್ಣ ವೇಗ ಬಂತು. ಅವರು ಅದಾಗಲೇ ಮೇಲಿನ ಪ್ಲಾನ್‌ಗೆ ಹಣ ಕಟ್ಟತೊಡಗಿದ್ದರು ಎಂಬುದು ಬೇಸರದ ಸಂಗತಿ.

ಇದನ್ನು ಪರೀಕ್ಷಿಸಲು ತಂತ್ರಜ್ಞರೇ ಬರಬೇಕೆಂದಿಲ್ಲ. ವಿಂಡೋಸ್ ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದ ಈಥರ್ನೆಟ್ (ಕೇಬಲ್ ಸಂಪರ್ಕ) ವಿವರವನ್ನು ತೆರೆದರೆ ಲಿಂಕ್ ಸ್ಪೀಡ್ ಎಷ್ಟೆಂದು ಕಾಣುತ್ತದೆ. ಲಿನಕ್ಸ್ ಬಳಸುವವರಿಗೆ ‘ಈಥ್‌ಟೂಲ್’ ಎಂಬ ಆದೇಶ ಇದೇ ಮಾಹಿತಿ ಕೊಡುತ್ತದೆ. ಅಲ್ಲಿ 1000ದ ಬದಲು 100 ಎಂದಿದ್ದರೆ ಮೊದಲು ಚೆನ್ನಾಗಿದೆಯೆಂದು ಗೊತ್ತಿರುವ ಬೇರೊಂದು ಚಿಕ್ಕ ಕೇಬಲ್‌ನಿಂದ ಕಂಪ್ಯೂಟರನ್ನು ನೇರವಾಗಿ ರೌಟರ್‌ಗೆ ಜೋಡಿಸಿ ನೋಡಬೇಕು. ಆಗ 1000 ಎಂದು ತೋರಿಸಿದರೆ ದೋಷ ಹಳೆಯ ಕೇಬಲ್‌ನಲ್ಲಿ, ಗೋಡೆಯೊಳಗಿನ ವೈರಿಂಗ್‌ನಲ್ಲಿ ಅಥವಾ ನಡುವೆ ಇಟ್ಟಿರುವ ನೆಟ್‌ವರ್ಕ್ ಸ್ವಿಚ್‌ನಲ್ಲಿ (ಹಲವು ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಇದೆ ಎಂದಾಯಿತು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತ ಹೋಗುವುದು ಮುಖ್ಯ. ಎಲ್ಲವನ್ನೂ ಒಟ್ಟಿಗೆ ಕಿತ್ತು ಜೋಡಿಸಿದರೆ ಸಮಸ್ಯೆ ಹೋದರೂ ಅದು ಎಲ್ಲಿತ್ತೆಂದು ತಿಳಿಯುವುದಿಲ್ಲ.

ಕೇಬಲ್ ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಶುದ್ಧ ತಾಮ್ರದ ಬದಲು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಇರುತ್ತದೆ. ಇದು ಬೇಗ ಮುರಿಯುತ್ತದೆ, ಪ್ರತಿರೋಧವೂ ಹೆಚ್ಚು, ಕೇಬಲ್‌ಗಳ ಮಾನದಂಡಗಳಿಗೂ ಒಪ್ಪುವಂಥದ್ದಲ್ಲ. ಮನೆಯ ಗಿಗಾಬಿಟ್ ಬಳಕೆಗೆ ಶುದ್ಧ ತಾಮ್ರದ ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರ್‌ವರೆಗೆ ಸಾಕಾಗುತ್ತದೆ, ಅದಕ್ಕಿಂತ ದುಬಾರಿಯದನ್ನೇ ಕೊಳ್ಳಬೇಕೆಂಬ ಒತ್ತಾಯಕ್ಕೆ ಮಣಿಯಬೇಕಿಲ್ಲ.

ಲಿಂಕ್ ಸ್ಪೀಡ್ 1000 ಎಂದೇ ಇದ್ದು ವೇಗ ಮಾತ್ರ ಬಾರದಿದ್ದರೆ ಹುಡುಕಾಟ ಬೇರೆ ಕಡೆ ಸಾಗಬೇಕು. ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್, ವೆಬ್ ಮೂಲಕ ಬಂದುಹೋಗುವ ಮಾಹಿತಿಯನ್ನು ಜಾಲಾಡುವ ಆ್ಯಂಟಿವೈರಸ್, ರೌಟರ್‌ನಲ್ಲಿ ಚಾಲೂ ಮಾಡಿಟ್ಟ ಟ್ರಾಫಿಕ್ ನಿಯಂತ್ರಣ ಇವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಬಹುದು. ಡೌನ್‌ಲೋಡ್ ಆಗುವಾಗ ಕಾಣುವ ಅಂಕಿ ಬಹಳ ಸಲ ಮೆಗಾಬೈಟ್‌ನಲ್ಲಿರುತ್ತದೆ, ಪ್ಲಾನ್‌ನ ಅಂಕಿ ಮೆಗಾಬಿಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಅಲ್ಲಿ 11 ಕಂಡವರು ಗಾಬರಿಯಾಗಬೇಕಿಲ್ಲ.

ಇಷ್ಟೆಲ್ಲ ಗ್ರಾಹಕರೇ ಕಲಿತುಕೊಳ್ಳಬೇಕೆಂದು ಹೇಳುವುದು ನನ್ನ ಉದ್ದೇಶವಲ್ಲ. ರೌಟರ್ ತಯಾರಕರ ಹೊಣೆ ಇದರಲ್ಲಿ ದೊಡ್ಡದಿದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘1200’ ಎಂದು ಮುದ್ರಿಸಿದ ಕೆಲವು ರೌಟರ್‌ಗಳ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್‌ಗಳೆಲ್ಲ 100 ಎಂಬಿಪಿಎಸ್‌ನವೇ ಆಗಿರುತ್ತವೆ. ಆ 1200 ವೈಫೈನ ಎರಡು ಬ್ಯಾಂಡ್‌ಗಳ (ತರಂಗಪಟ್ಟಿಗಳ) ಸೈದ್ಧಾಂತಿಕ ವೇಗವನ್ನು ಕೂಡಿಸಿದ ಮೊತ್ತ. ಕೇಬಲ್‌ಗೆಂದೇ ರೌಟರ್ ಕೊಳ್ಳುವವರು ಇದನ್ನು ನಂಬಿ ಮೋಸಹೋಗುತ್ತಾರೆ. ಅವರ ಮನೆಯಲ್ಲಿ ಕೇಬಲ್ ಎಷ್ಟೇ ಉತ್ತಮವಾಗಿದ್ದರೂ 95ರ ಆಸುಪಾಸಿನ ಗಡಿ ದಾಟಲಾಗದು. ಆದ್ದರಿಂದ ಪೋರ್ಟ್‌ಗಳ ವೇಗವನ್ನು ಡಬ್ಬಿಯ ಮುಂಭಾಗದಲ್ಲಿ, ವೈಫೈ ಅಂಕಿಯಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು.

ಸೇವಾ ಕಂಪನಿಗಳಿಂದ ಬಯಸುವುದು ಇನ್ನೂ ಸರಳವಾದದ್ದು. ಸಂಪರ್ಕ ಕೊಡಲು ಬಂದ ಸಿಬ್ಬಂದಿ ಹೊರಡುವ ಮುನ್ನ ಕೇಬಲ್ ಜೋಡಿಸಿದ ಕಂಪ್ಯೂಟರ್‌ನಲ್ಲಿ ಲಿಂಕ್ ಸ್ಪೀಡ್ ಎಷ್ಟೆಂದು ಗ್ರಾಹಕರಿಗೆ ತೋರಿಸಿ ಕೆಲಸದ ಚೀಟಿಯಲ್ಲಿ ಬರೆದುಕೊಡಲಿ. ನಿಧಾನದ ದೂರು ಬಂದಾಗ ಸಹಾಯವಾಣಿಯವರು ಪ್ಲಾನ್ ಬದಲಿಸುವ ಮಾತೆತ್ತುವ ಮೊದಲು ಅದೇ ಅಂಕಿಯನ್ನು ಕೇಳಿ ತಿಳಿದುಕೊಳ್ಳಲಿ.

ಇಂತಿ,
ತಮ್ಮ ಪತ್ರಿಕೆಯ ಓದುಗ